ಯಜಮಾನರ ಜೊತೆಗೇ ಹೋದ ಪಾಸ್‌ವರ್ಡ್: ಶಿರಸಿ ಕಡೆಯ ಒಂದು ಮನೆ, ಎರಡು ಕಂಪ್ಯೂಟರ್

ಶಿರಸಿಯಿಂದ ಕುಮಟಾ ರಸ್ತೆಯಲ್ಲಿ, ದೇವಿಮನೆ ಘಟ್ಟ ಸಿಗುವ ಮೊದಲೇ ಒಳಗೆ ತಿರುಗಿದರೆ ಬರುವ ಒಂದು ತೋಟದ ಮನೆ. ಮಳೆಗಾಲದಲ್ಲಿ ಮನೆಯ ಯಜಮಾನರು ಹಠಾತ್ತಾಗಿ ತೀರಿಕೊಂಡರು. ಅವರು ಬಳಸುತ್ತಿದ್ದ ಎರಡು ಕಂಪ್ಯೂಟರ್ ಮನೆಯಲ್ಲಿದ್ದವು. ಒಂದು ಹಳೆಯ ಡೆಸ್ಕ್‌ಟಾಪ್, ಇನ್ನೊಂದು ಹೊಸ ಲ್ಯಾಪ್‌ಟಾಪ್. ಎರಡಕ್ಕೂ ಪಾಸ್‌ವರ್ಡ್ ಇತ್ತು. ಅದು ಗೊತ್ತಿದ್ದದ್ದು ಅವರೊಬ್ಬರಿಗೇ.

ಶಿರಸಿ ಸುತ್ತಮುತ್ತ ಕಂಪ್ಯೂಟರ್ ರಿಪೇರಿ ಮಾಡುವುದು ನನ್ನ ಕೆಲಸ. ಇಂಥ ಕರೆಗಳು ಈಗೀಗ ಜಾಸ್ತಿಯಾಗಿವೆ. ಅದರಲ್ಲಿ ಈ ಮನೆಯದನ್ನೇ ಪೂರ್ತಿ ಬರೆಯುವುದಕ್ಕೆ ಕಾರಣ ಇದೆ. ಒಬ್ಬರೇ ಬಳಸಿದ ಎರಡು ಯಂತ್ರಗಳು ಪೂರಾ ಬೇರೆ ಬೇರೆ ಥರ ನಡೆದುಕೊಂಡವು. ಒಂದರಲ್ಲಿ ಪಾಸ್‌ವರ್ಡ್ ಲೆಕ್ಕಕ್ಕೇ ಬರಲಿಲ್ಲ, ಆದರೆ ಡಿಸ್ಕ್ ಕೈಕೊಡುತ್ತಿತ್ತು. ಇನ್ನೊಂದರಲ್ಲಿ ಡಿಸ್ಕ್ ಗಟ್ಟಿಯಾಗಿತ್ತು, ಆದರೆ ಬೀಗ ನಿಜವಾದ ಬೀಗ. ಹೀಗೆ ಬರೆಯುವುದಕ್ಕೆ ಮನೆಯವರ ಒಪ್ಪಿಗೆ ಇದೆ. ಹೆಸರು, ಊರು ಬಿಟ್ಟಿದ್ದೇನೆ.

ಒಳಗೆ ಏನೇನಿತ್ತು

ಇದನ್ನು ಮೊದಲು ಕೇಳಬೇಕು. ಯಂತ್ರ ಮುಟ್ಟುವ ಮೊದಲು ಜಗಲಿಯಲ್ಲಿ ಕೂತು ಮನೆಯವರೆಲ್ಲ ಸೇರಿ ಪಟ್ಟಿ ಮಾಡಿದೆವು. ವರ್ಷವರ್ಷದ ಅಡಿಕೆ ಲೆಕ್ಕ: ರಾಶಿ ಎಷ್ಟು, ಚಾಲಿ ಎಷ್ಟು, ಬೆಟ್ಟೆ ಎಷ್ಟು, ಯಾವ ದಿನ ಯಾವ ದರಕ್ಕೆ ಹೋಯಿತು. ಆಳಿನ ಲೆಕ್ಕ. ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆದ ತಾರೀಕುಗಳು. ಪಹಣಿ, ಪಾಲುಪಟ್ಟಿ, ಹಳೆಯ ಸಾಲದ ಕಾಗದ, ಎಲ್ಲವೂ ಸ್ಕ್ಯಾನ್ ಆಗಿದ್ದವು. ಮನೆತನದ ವಂಶವೃಕ್ಷವನ್ನು ಅವರೇ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದರು. ಮಗಳ ಮದುವೆ, ಮಗನ ಉಪನಯನದ ಫೋಟೋಗಳು. ಇದೆಲ್ಲದರ ಜೊತೆ ಅವರು ಸ್ವತಃ ಹೋಗಿ ರೆಕಾರ್ಡ್ ಮಾಡಿಕೊಂಡ ತಾಳಮದ್ದಲೆ ಮತ್ತು ರಾತ್ರಿಯಿಡೀ ನಡೆದ ಯಕ್ಷಗಾನ ಆಟಗಳ ವಿಡಿಯೋ.

ಹಿಂದಿನ ಎರಡು ವರ್ಷದ ಲೆಕ್ಕ ಲ್ಯಾಪ್‌ಟಾಪಿನಲ್ಲಿ. ಅದಕ್ಕಿಂತ ಹಳೆಯದೆಲ್ಲ ಡೆಸ್ಕ್‌ಟಾಪಿನಲ್ಲಿ. ಬೇರೆ ಎಲ್ಲೂ ನಕಲು ಇರಲಿಲ್ಲ. ಮೆತ್ತಿಯಲ್ಲಿ, ಅಂದರೆ ಮಹಡಿಯಲ್ಲಿ, ಒಂದು ಡಬ್ಬಿ ತುಂಬ ಡಿವಿಡಿ ಸಿಕ್ಕವು. ಯಜಮಾನರು ಒಂದು ಕಾಲದಲ್ಲಿ ಶ್ರದ್ಧೆಯಿಂದ ಬರೆದಿಟ್ಟ ಬ್ಯಾಕಪ್ ಅವು. ನಮ್ಮ ಕಡೆಯ ಮಳೆಗಾಲದ ಥಂಡಿಗೆ ಅಂಚಿನಿಂದ ಬೂಸ್ಟು ಹಿಡಿದು, ಹಿಡಿದು ನೋಡಿದರೆ ಹಿಂದೆ ಬೆಳಕು ಕಾಣುತ್ತಿತ್ತು. ಒಂದೂ ಓದಲಿಲ್ಲ.

"ಲೆಕ್ಕ ಎಲ್ಲ ಅದರೊಳಗೇ ಇದ್ದು. ಎಂತ ಮಾಡವು ಹೇಳಿ ಗೊತ್ತಾಗ್ತಿಲ್ಲೆ" ಎಂದರು ಅಮ್ಮ. ಮಕ್ಕಳು ಅವರನ್ನು ಆಯಿ ಎಂದು ಕರೆಯುತ್ತಾರೆ. ಮುಂದೆ ನಾನೂ ಹಾಗೇ ಬರೆಯುತ್ತೇನೆ. ಮಗ ಬೆಂಗಳೂರಿನಲ್ಲಿ, ಮಗಳು ಕುಮಟಾದಲ್ಲಿ. ಮನೆಯಲ್ಲಿ ಇರುವವರು ಆಯಿ ಒಬ್ಬರೇ.

ನಾನು ಹೋಗುವ ಮೊದಲು ಎರಡು ಸಂಗತಿ ನಡೆದಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಕೊಡುತ್ತೇವೆ, ಪಾಸ್‌ವರ್ಡ್ ತೊಂದರೆ ಇರುವುದಿಲ್ಲ ಎಂದಿದ್ದರು. ಪುಣ್ಯಕ್ಕೆ ಮಗಳು ಒಪ್ಪಲಿಲ್ಲ. ಇನ್ನೊಂದು, ಪರಿಚಯದ ಹುಡುಗನೊಬ್ಬ ವಿಡಿಯೋ ನೋಡಿಕೊಂಡು ಲ್ಯಾಪ್‌ಟಾಪಿನ ಬಯಾಸ್ (ವಿಂಡೋಸ್ ಏಳುವ ಮೊದಲಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ, ಯಂತ್ರ ಶುರುವಾಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ಏಳುವಂತೆ ಕಾಯುವ ಸೆಕ್ಯೂರ್ ಬೂಟ್ ಆಫ್ ಮಾಡಿದ್ದ. ಅಂದಿನಿಂದ ಲಾಗಿನ್ ಪರದೆಯೂ ಇಲ್ಲ. ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತ ನಿಂತಿತ್ತು.

ಹಕ್ಕಿನ ಪ್ರಶ್ನೆ

ಬೀಗ ಹಾಕಿದ ಕಂಪ್ಯೂಟರ್ ತಂದವರೆಲ್ಲ ಅದರ ಹಕ್ಕುದಾರರಲ್ಲ. ಗಂಡನ ಲ್ಯಾಪ್‌ಟಾಪ್ ತೆಗೆದುಕೊಡಿ, ಆಫೀಸಿನ ಲ್ಯಾಪ್‌ಟಾಪ್ ತೆಗೆದುಕೊಡಿ ಎಂದು ಕೇಳುವವರೂ ಬರುತ್ತಾರೆ. ಮಾಲೀಕರ ಒಪ್ಪಿಗೆ ಇಲ್ಲದೆ ಒಳಹೋಗುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ. ಮೋಸದ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಅದಕ್ಕೇ ಇಲ್ಲಿ ಆಯಿ, ಮಗ, ಮಗಳು ಮೂವರೂ ಎದುರಿಗಿದ್ದಾಗಲೇ ಕೆಲಸ ಶುರು ಮಾಡಿದೆ. ಮೂವರ ಸಹಿಯ ಒಂದು ಪತ್ರ, ಮರಣ ಪ್ರಮಾಣಪತ್ರದ ನಕಲು ಇಟ್ಟುಕೊಂಡೆ. ಈ ಕೆಲಸ ಮಾಡುವ ಎಲ್ಲರೂ ಇಷ್ಟನ್ನಾದರೂ ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲನೆಯದು: ಡೆಸ್ಕ್‌ಟಾಪ್

ಇದು ವಿಂಡೋಸ್ 10 ಇದ್ದ ಯಂತ್ರ. ಖಾತೆ ಲೋಕಲ್. ಅಂದರೆ ಪಾಸ್‌ವರ್ಡಿಗೂ ಇಂಟರ್ನೆಟ್ಟಿಗೂ ಸಂಬಂಧ ಇಲ್ಲ. ಪಾಸ್‌ವರ್ಡಿನ ಗುರುತು ಅದೇ ಡಿಸ್ಕಿನಲ್ಲಿ, ವಿಂಡೋಸ್ ಫೋಲ್ಡರಿನ ಒಳಗಿನ ಸ್ಯಾಮ್ ಎಂಬ ಕಡತದಲ್ಲಿ ಕೂತಿರುತ್ತದೆ.

ಜನ ಸಾಮಾನ್ಯವಾಗಿ ತಪ್ಪು ತಿಳಿಯುವುದು ಇಲ್ಲೇ. ಲಾಗಿನ್ ಪರದೆ ಕಾಯುವುದು ವಿಂಡೋಸನ್ನು. ಕಡತಗಳನ್ನು ಅಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರದಿದ್ದರೆ, ಅಂದರೆ ಕೀ ಇಲ್ಲದೆ ಓದಲಾಗದ ಗೂಢಲಿಪಿಯಾಗಿ ಬದಲಾಗಿರದಿದ್ದರೆ, ಅದರ ಮೇಲೆ ಬರೆದದ್ದೆಲ್ಲ ಹಾಗೇ ಓದಲು ಸಿಗುತ್ತದೆ. ಆ ಡಿಸ್ಕಿನ ವಿಂಡೋಸನ್ನು ಎಬ್ಬಿಸದೆ, ಪೆನ್‌ಡ್ರೈವಿನಿಂದ ಲಿನಕ್ಸ್ (ವಿಂಡೋಸಿನಂಥದೇ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ) ಎಬ್ಬಿಸಿದರೆ ಪಾಸ್‌ವರ್ಡ್ ಕೇಳುವವರೇ ಇರುವುದಿಲ್ಲ. ಉಬುಂಟು, ಮಿಂಟ್, ಲಿನಕ್ಸಿನ ಯಾವ ಬಗೆಯಾದರೂ ನಡೆಯುತ್ತದೆ. ಇನ್ನೊಂದು ಕಂಪ್ಯೂಟರಿನಲ್ಲಿ ರೂಫಸ್ ಅಥವಾ ವೆಂಟಾಯ್ ಬಳಸಿ ಪೆನ್‌ಡ್ರೈವ್ ಸಿದ್ಧ ಮಾಡುವುದು, ಯಂತ್ರ ಶುರುವಾಗುವಾಗ ಬೂಟ್ ಮೆನುವಿನ ಕೀ ಒತ್ತುವುದು. ಕೆಲವದರಲ್ಲಿ ಎಫ್12, ಕೆಲವದರಲ್ಲಿ ಎಫ್9, ಎಫ್8 ಅಥವಾ ಎಸ್ಕೇಪ್. "ಇನ್‌ಸ್ಟಾಲ್" ಒತ್ತದೆ "ಟ್ರೈ" ಆರಿಸುವುದು. ಅಷ್ಟೇ. ನಿಮ್ಮ ಮನೆಯ ಕಂಪ್ಯೂಟರನ್ನು ಯಾರಾದರೂ ಎತ್ತಿಕೊಂಡು ಹೋದರೆ ಅವರಿಗೂ ಇಷ್ಟೇ ಸಲೀಸು ಎಂಬುದು ಗೊತ್ತಿರಲಿ.

ಮಗನಿಗೆ ಬೇಕಿದ್ದದ್ದು ಪಾಸ್‌ವರ್ಡ್ ತೆಗೆಯುವುದು. ನಾನು ಬೇಡ ಎಂದೆ. ಹೊರಗಿನ ಸಾಧನದಿಂದ ಪಾಸ್‌ವರ್ಡ್ ಅಳಿಸುವುದು ಕಷ್ಟವಲ್ಲ. ಆದರೆ ವಿಂಡೋಸ್ ಕೆಲವು ಸಂಗತಿಗಳನ್ನು ಆ ಪಾಸ್‌ವರ್ಡಿಗೇ ಗಂಟು ಹಾಕಿರುತ್ತದೆ. ವಿಂಡೋಸಿನೊಳಗೆ ಎನ್‌ಕ್ರಿಪ್ಟ್ ಮಾಡಿದ ಕಡತಗಳಿದ್ದರೆ ಅವು ಮತ್ತೆ ತೆರೆಯುವುದಿಲ್ಲ. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಹೋಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಅಳಿಸುವುದೆಂದರೆ ಆ ಡಿಸ್ಕಿನ ಮೇಲೆ ಬರೆಯುವುದು. ಒಂದೇ ಒಂದು ಪ್ರತಿ ಇರುವಾಗ ಅದರ ಮೇಲೆ ಏನನ್ನೂ ಬರೆಯಬಾರದು. ಮೊದಲು ನಕಲು, ಆಮೇಲೆ ಬೇರೆ ಮಾತು.

ಡಿಸ್ಕಿನ ಸ್ಥಿತಿ ನೋಡಿದ ಮೇಲೆ ಮಗನೂ ಸುಮ್ಮನಾದ. ಯಂತ್ರ ಆನ್ ಮಾಡಿದಾಗ ಲಾಗಿನ್ ಪರದೆ ಬರುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. ಪೆಟ್ಟಿಗೆಗೆ ಕಿವಿ ಇಟ್ಟರೆ ನಡುನಡುವೆ ಟಕ್, ಟಕ್ ಸದ್ದು. ಸಿಸ್ಟಂರೆಸ್ಕ್ಯೂ ಎಂಬ ಲಿನಕ್ಸ್ ಪೆನ್‌ಡ್ರೈವಿನಿಂದ ಎಬ್ಬಿಸಿ ಡಿಸ್ಕಿನ ಸ್ಮಾರ್ಟ್ ವರದಿ ತೆಗೆದೆ. ಪ್ರತಿ ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ. ಅದರಲ್ಲಿ 5ನೇ ಮತ್ತು 197ನೇ ಸಾಲು ಮುಖ್ಯ. 5ನೆಯದು ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಸೆಕ್ಟರುಗಳು, ಅಂದರೆ ಡಿಸ್ಕಿನ ಸಣ್ಣ ಸಣ್ಣ ಖಾನೆಗಳು. 197ನೆಯದು ಓದಲು ಆಗದೆ ಬಾಕಿ ಉಳಿದ ಸೆಕ್ಟರುಗಳು. ಎರಡೂ ಸೊನ್ನೆ ಇರಬೇಕು. ಇಲ್ಲಿ ಎರಡೂ ಸೊನ್ನೆ ಇರಲಿಲ್ಲ. 197ನೆಯದು ಒಮ್ಮೆ ನೋಡಿದ್ದಕ್ಕೂ ಮತ್ತೊಮ್ಮೆ ನೋಡಿದ್ದಕ್ಕೂ ಏರಿತ್ತು.

ಮನೆಯವರು ಪಾಸ್‌ವರ್ಡ್ ಊಹಿಸುತ್ತ ಮತ್ತೆ ಮತ್ತೆ ಆನ್ ಆಫ್ ಮಾಡಿದಷ್ಟೂ ಈ ಡಿಸ್ಕಿಗೆ ಪೆಟ್ಟು ಬೀಳುತ್ತಿತ್ತು. ಈ ಮನೆಯ ನಿಜವಾದ ತೊಂದರೆ ಪಾಸ್‌ವರ್ಡ್ ಆಗಿರಲೇ ಇಲ್ಲ. ಪಾಸ್‌ವರ್ಡ್ ಗೊತ್ತಿದ್ದಿದ್ದರೆ ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಆ ಡಿಸ್ಕ್ ಮುಂದಿನ ಮಳೆಗಾಲದೊಳಗೆ ಸುಮ್ನೆ ನಿಂತುಹೋಗುತ್ತಿತ್ತು.

ಇಂಥ ಡಿಸ್ಕಿನಿಂದ ಫೋಲ್ಡರ್ ಫೋಲ್ಡರ್ ಆಗಿ ಎಳೆಯಲು ಹೋಗಬಾರದು. ಕೆಟ್ಟ ಜಾಗ ಸಿಕ್ಕಲ್ಲಿ ಕಾಪಿ ನಿಂತೇಬಿಡುತ್ತದೆ. ಡಿಸ್ಕ್ ಅಲ್ಲೇ ತಿಣುಕುತ್ತ ಇನ್ನಷ್ಟು ಹಾಳಾಗುತ್ತದೆ. ಡಿಡಿರೆಸ್ಕ್ಯೂ ಎಂಬ ಸಾಧನ ಇರುವುದು ಇದಕ್ಕೇ. ಅದು ಇಡೀ ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ದೊಡ್ಡ ಕಡತವಾಗಿ ನಕಲು ಮಾಡುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಕೂರುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಒಳ್ಳೆಯ ಜಾಗವೆಲ್ಲ ಕೈಗೆ ಬಂದ ಮೇಲೆ ತಿರುಗಿ ಬಂದು ಬಿಟ್ಟ ಜಾಗಗಳನ್ನು ಚೂರುಚೂರಾಗಿ ಕೆರೆಯುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಎಂಬುದನ್ನು ಒಂದು ಮ್ಯಾಪ್ ಕಡತದಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು. ಮಳೆಗಾಲದಲ್ಲಿ ನಮ್ಮ ಕಡೆ ಈ ಒಂದು ಗುಣಕ್ಕೇ ಡಿಡಿರೆಸ್ಕ್ಯೂಗೆ ಕೈಮುಗಿಯಬೇಕು. ಈ ಮನೆಯಲ್ಲೂ ನಡುವೆ ಕರೆಂಟ್ ಹೋಯಿತು. ಮ್ಯಾಪ್ ಕಡತ ಇದ್ದದ್ದರಿಂದ ಏನೂ ನಷ್ಟ ಆಗಲಿಲ್ಲ.

ಡಿಸ್ಕ್ 500 ಜಿಬಿಯದು, ತುಂಬಿದ್ದು ಸುಮಾರು 300. ನಕಲು ಇಳಿಸಲು ಹೊಸ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತರಿಸಿದ್ದೆವು. ಪೂರ್ತಿ ಡಿಸ್ಕಿನ ನಕಲು ತೆಗೆಯುವಾಗ ಗುರಿ ಡಿಸ್ಕಿನಲ್ಲಿ ಮೂಲ ಡಿಸ್ಕಿನಷ್ಟು ಜಾಗ ಇರಬೇಕು, ಒಳಗೆ ತುಂಬಿದ್ದಷ್ಟು ಸಾಲದು. ಹಳೆಯ ಯುಎಸ್‌ಬಿ 2 ಪೋರ್ಟಿನಲ್ಲಿ ಸೆಕೆಂಡಿಗೆ 30 ಎಂಬಿ ಆಸುಪಾಸು ಹೋಗುತ್ತದೆ. ಗಟ್ಟಿ ಡಿಸ್ಕಾದರೆ 500 ಜಿಬಿಗೆ ಹತ್ತಿರ ಹತ್ತಿರ ಐದು ಗಂಟೆ. ಇದು ಅದಕ್ಕಿಂತ ಎಷ್ಟೋ ಪಾಲು ಜಾಸ್ತಿ ತಗೊಂಡಿತು. ಮೊದಲ ಸುತ್ತಿನಲ್ಲೇ ಬಹುಪಾಲು ಬಂತು. ಆಮೇಲಿನ ಸುತ್ತುಗಳಲ್ಲಿ ಪರದೆಯ ಮೇಲಿನ ಅಂಕಿ ನೋಡುತ್ತ ಮಗ ಅಲ್ಲೇ ಕೂತಿದ್ದ. 99ರ ಆಚೆಗಿನ ದಶಾಂಶಗಳು ಒಂದೊಂದಾಗಿ ಬದಲಾಗುವುದಕ್ಕೆ ಗಂಟೆಗಟ್ಟಲೆ ಬೇಕಾಯಿತು. ಕೊನೆಗೆ ಉಳಿದ ಕೆಲವು ಚೂರುಗಳು ಬರಲೇ ಇಲ್ಲ.

ಇಲ್ಲಿಂದ ಮುಂದೆ ಹಳೆಯ ಡಿಸ್ಕನ್ನು ಮುಟ್ಟಲಿಲ್ಲ. ಬಿಚ್ಚಿ, ಕವರಿನಲ್ಲಿ ಹಾಕಿ, ತಾರೀಕು ಬರೆದು ಕಪಾಟಿಗೆ ಸೇರಿಸಿದೆವು. ನಕಲನ್ನು ಓದಲು ಮಾತ್ರ ಬರುವಂತೆ ತೆರೆದು ಕಡತಗಳನ್ನು ಎರಡನೆಯ ಡಿಸ್ಕಿಗೆ ಇಳಿಸಿದೆ. ಬಳಕೆದಾರರ ಫೋಲ್ಡರ್ ಒಂದೇ ನೋಡಿದರೆ ಸಾಲದು. ಯಜಮಾನರು ಅಡಿಕೆ ಲೆಕ್ಕ ಇಟ್ಟಿದ್ದದ್ದು ಡಿ ಡ್ರೈವಿನಲ್ಲಿ, ಪಾಲುಪಟ್ಟಿ ಸಿಕ್ಕಿದ್ದು ಸಿ ಡ್ರೈವಿನ ಬುಡದಲ್ಲೇ ಇದ್ದ "ಹೊಸದು" ಎಂಬ ಫೋಲ್ಡರಿನಲ್ಲಿ, ಇನ್ನು ಕೆಲವು ರೀಸೈಕಲ್ ಬಿನ್ನಿನಲ್ಲಿ. ಮನೆ ಕಂಪ್ಯೂಟರುಗಳಲ್ಲಿ ಇದು ಮಾಮೂಲು.

ಎರಡನೆಯದು: ಲ್ಯಾಪ್‌ಟಾಪ್

ಇಲ್ಲಿ ಪೆನ್‌ಡ್ರೈವಿನ ದಾರಿ ಇಲ್ಲ. ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಸಾಮಾನ್ಯವಾಗಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಬಳಸುವವರಿಗೆ ಅದು ಗೊತ್ತೇ ಆಗಿರುವುದಿಲ್ಲ. ಕೀ ಇರುವುದು ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನಲ್ಲಿ. ಯಂತ್ರ ಶುರುವಾಗುವ ಕ್ರಮ ಮೊದಲಿನ ಹಾಗೇ ಇದ್ದರೆ ಮಾತ್ರ ಚಿಪ್ ಕೀ ಕೊಡುತ್ತದೆ. ಸೆಕ್ಯೂರ್ ಬೂಟ್ ಆಫ್ ಮಾಡಿದ್ದರಿಂದ ಕ್ರಮ ಬದಲಾಯಿತು, ಚಿಪ್ ಕೈಬಿಗಿಹಿಡಿಯಿತು, ನೀಲಿ ಪರದೆ ಬಂತು. ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೂ ಅರ್ಥವಿಲ್ಲದ ಬೈಟುಗಳು ಮಾತ್ರ ಕಾಣುತ್ತವೆ. ಇದನ್ನು ಒಡೆಯುತ್ತೇವೆ ಎಂದು ಹೇಳಿ ದುಡ್ಡು ಕೇಳುವವರನ್ನು ನಂಬಬೇಡಿ.

ಮೊದಲು ಮಾಡಿದ್ದು, ಬಯಾಸಿನಲ್ಲಿ ಸೆಕ್ಯೂರ್ ಬೂಟನ್ನು ವಾಪಸ್ ಆನ್ ಮಾಡಿದ್ದು. ಬಹಳ ಸಲ ಇಷ್ಟರಿಂದಲೇ ನೀಲಿ ಪರದೆ ಹೋಗುತ್ತದೆ, ಯಾಕೆಂದರೆ ಕ್ರಮ ಮತ್ತೆ ಹಳೆಯದೇ ಆಗುತ್ತದೆ. ಇಲ್ಲೂ ಹೋಯಿತು. ಮಾಮೂಲಿ ಲಾಗಿನ್ ಪರದೆ ಬಂದು ಪಿನ್ ಕೇಳಿತು. ಬಯಾಸಿನಲ್ಲಿ ಟಿಪಿಎಂ ಅಳಿಸುವ ಆಯ್ಕೆಯೂ ಇರುತ್ತದೆ. ಅದನ್ನು ಒತ್ತಿದ್ದರೆ 48 ಅಂಕಿ ಸಿಗುವವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ಆ ಹುಡುಗ ಅದನ್ನು ಒತ್ತಿರಲಿಲ್ಲ.

ಪಿನ್ ಇರುವುದು ಆ ಯಂತ್ರದಲ್ಲಿ ಮಾತ್ರ. ಊಹಿಸುತ್ತ ಹೋದರೆ ಚಿಪ್ ತಡೆಹಿಡಿಯುತ್ತದೆ. ಆದರೆ ಪಿನ್ನಿನ ಕೆಳಗೆ "ಪಿನ್ ಮರೆತಿದ್ದೇನೆ" ಎಂಬ ಆಯ್ಕೆ ಇದೆ. ವೈಫೈ ಸಿಕ್ಕರೆ ಅದು ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಖಾತೆಗೆ ಜೋಡಿಸಿದ ಮೊಬೈಲಿಗೆ ಕೋಡ್ ಕಳಿಸುತ್ತದೆ. ಅಂದರೆ ಇಡೀ ಲ್ಯಾಪ್‌ಟಾಪಿನ ಕೀಲಿ ಈಗ ಒಂದು ಸಿಮ್ ಕಾರ್ಡಿನಲ್ಲಿತ್ತು.

ಮಗ ಆ ನಂಬರನ್ನು ಬಂದ್ ಮಾಡಿಸಲು ಹೊರಟಿದ್ದ. ಆಯಿ ಬೇಡ ಎಂದಿದ್ದರು, ಪರಿಚಯದವರು ಆ ನಂಬರಿಗೇ ಫೋನ್ ಮಾಡುತ್ತಾರೆ ಎಂದು. ಅದೇ ನಮ್ಮನ್ನು ಉಳಿಸಿತು. ಯಜಮಾನರ ಫೋನಿಗೆ ಪ್ಯಾಟರ್ನ್ ಲಾಕ್ ಇತ್ತು, ಆದರೆ ಸಿಮ್ಮಿಗೆ ಬೇರೆ ಪಿನ್ ಇರಲಿಲ್ಲ. ಸಿಮ್ ತೆಗೆದು ಮಗಳ ಫೋನಿಗೆ ಹಾಕಿದೆವು. ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ಮಗಳು ಅಂಕಿ ಓದಿದಳು, ಒಳಗೆ ಮಗ ಟೈಪ್ ಮಾಡಿದ. ಹೊಸ ಪಾಸ್‌ವರ್ಡ್, ಹೊಸ ಪಿನ್. ಒಳಗೆ ಹೋದ ಕೂಡಲೇ ಮಾಡಿದ ಮೊದಲ ಕೆಲಸ, ಖಾತೆಯಲ್ಲಿದ್ದ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಂಡದ್ದು.

ಮನೆಯಲ್ಲಿ ಯಾರಾದರೂ ತೀರಿಕೊಂಡಾಗ ಅವರ ಸಿಮ್ಮನ್ನು ಅವಸರದಲ್ಲಿ ಬಂದ್ ಮಾಡಿಸಬೇಡಿ. ರೀಚಾರ್ಜ್ ಮಾಡುತ್ತ ಬಳಕೆಯಲ್ಲಿ ಇಡಿ. 90 ದಿನ ಬಳಕೆಯೇ ಇಲ್ಲದೆ ಬಿಟ್ಟರೆ ನಂಬರ್ ರದ್ದಾಗಿ ಮುಂದೆ ಬೇರೆಯವರ ಪಾಲಾಗಬಹುದು. ಖಾತೆಗಳೆಲ್ಲ ಒಂದು ದಡ ಮುಟ್ಟಿದ ಮೇಲೆ ಬಂದ್ ಮಾಡಿಸಿದರಾಯಿತು.

ಮಗ ಇನ್ನೊಂದು ಕೇಳಿದ. ಬ್ರೌಸರಿನಲ್ಲಿ ಅಪ್ಪಯ್ಯನ ಬ್ಯಾಂಕ್ ಪಾಸ್‌ವರ್ಡ್ ಉಳಿದಿದೆ, ಒಳಗೆ ಹೋಗಿ ಹಣ ವರ್ಗಾಯಿಸಬಹುದಲ್ವಾ ಎಂದು. ಬೇಡವೇ ಬೇಡ. ತೀರಿಕೊಂಡವರ ಖಾತೆಯನ್ನು ಹಾಗೆ ನಡೆಸುವಂತಿಲ್ಲ. ಮರಣ ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋಗಬೇಕು, ನಾಮಿನಿ ಇದ್ದರೆ ಕೆಲಸ ಸಲೀಸು. ಆ ಪಾಸ್‌ವರ್ಡನ್ನು ಅವನ ಎದುರಿಗೇ ಅಳಿಸಿದೆವು.

ಬ್ಯಾಕಪ್

ಈಗ ಮನೆಯ ಎಲ್ಲ ಕಡತಗಳೂ ಎರಡು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿದ್ದವು. ಇಲ್ಲಿಗೇ ಬಿಟ್ಟಿದ್ದರೆ ಅದೂ ಮುಂದೆ ಮೆತ್ತಿಯ ಡಿವಿಡಿಗಳ ದಾರಿಯನ್ನೇ ಹಿಡಿಯುತ್ತಿತ್ತು. ಬ್ಯಾಕಪ್ ಹೇಗೆ ಎನ್ನುವುದಕ್ಕಿಂತ, ಯಾರು ಮಾಡುತ್ತಾರೆ ಎಂಬುದನ್ನು ಮೊದಲು ತೀರ್ಮಾನಿಸಬೇಕಿತ್ತು. ಮನೆಯಲ್ಲಿರುವವರು ಆಯಿ. ಅಂದ ಮೇಲೆ ಆಯಿಯೇ ಮಾಡಬೇಕು. ಮಗ ಬೆಂಗಳೂರಿನಿಂದ ನೋಡಿಕೊಳ್ಳುತ್ತೇನೆ ಎಂದ. ನಾನು ಒಪ್ಪಲಿಲ್ಲ.

ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸಿಬಿಡೋಣ ಎಂಬ ಮಾತೂ ಬಂತು. ಲೆಕ್ಕ ಹಾಕಿ ತೋರಿಸಿದೆ. ಅಪ್‌ಲೋಡ್ ವೇಗ 10 ಎಂಬಿಪಿಎಸ್ ಸಿಕ್ಕಿದರೂ 300 ಜಿಬಿ ಏರಲು ಸುಮಾರು 67 ಗಂಟೆ ಬೇಕು, ಅದೂ ಒಂದು ಕ್ಷಣ ಲೈನ್ ಹೋಗದಿದ್ದರೆ. ಗೂಗಲ್ ಡ್ರೈವ್ ಪುಕ್ಕಟೆ ಕೊಡುವುದು 15 ಜಿಬಿ, ಒನ್‌ಡ್ರೈವ್ 5 ಜಿಬಿ. ಜೊತೆಗೆ, ಸಿಂಕ್ ಆಗುವುದೇ ಬ್ಯಾಕಪ್ ಅಲ್ಲ. ಇಲ್ಲಿ ಕೈತಪ್ಪಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ.

ಹಾಗಂತ ಕ್ಲೌಡನ್ನು ಪೂರ್ತಿ ಬಿಡಲಿಲ್ಲ. ದಿನದಿನ ಬದಲಾಗುವುದು ಚಾಲ್ತಿ ವರ್ಷದ ಲೆಕ್ಕದ ಫೋಲ್ಡರ್ ಒಂದೇ, ಅದು ಕೆಲವೇ ಎಂಬಿ. ಅದನ್ನು ಮಾತ್ರ ಮಗಳ ಖಾತೆಯ ಗೂಗಲ್ ಡ್ರೈವಿಗೆ ಜೋಡಿಸಿದೆವು. ಸಂಜೆ ಲೆಕ್ಕ ಬರೆದರೆ ರಾತ್ರಿಯೊಳಗೆ ಕುಮಟಾದಲ್ಲೂ ಇರುತ್ತದೆ. ಉಳಿದ ಫೋಟೋ, ವಿಡಿಯೋ, ಹಳೆಯ ಕಾಗದ, ಇವು ಬದಲಾಗುವುದಿಲ್ಲ. ಇವಕ್ಕೆ ಡಿಸ್ಕೇ ಸರಿ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ: ಬ್ಯಾಕಪ್ ವಿಷಯದಲ್ಲಿ ಎಲ್ಲರೂ ಹೇಳುವ 3-2-1 ಲೆಕ್ಕ ಇದು. ನಮ್ಮ ಕಡೆ ಅದರ ಕೊನೆಯ ಅಂಕಿಗೆ ತೂಕ ಜಾಸ್ತಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ಬಂದಾಗ ಒಂದೇ ಮನೆಯಲ್ಲಿ ಕರೆಂಟಿಗೆ ಸಿಕ್ಕಿಸಿದ್ದೆಲ್ಲ ಒಟ್ಟಿಗೇ ಸುಡುತ್ತದೆ. ಇಂಟರ್ನೆಟ್ ಲೈನಿನ ಮೂಲಕವೂ ಬರುತ್ತದೆ. ಕಂಪ್ಯೂಟರಿಗೆ ಸದಾ ಜೋಡಿಸಿಟ್ಟ ಬ್ಯಾಕಪ್ ಡಿಸ್ಕ್ ಕಂಪ್ಯೂಟರಿನ ಜೊತೆಗೇ ಹೋಗುತ್ತದೆ. ವಿಂಡೋಸಿನ ಫೈಲ್ ಹಿಸ್ಟರಿ ಒಳ್ಳೆಯದೇ. ಆದರೆ ಅದು ಚೆನ್ನಾಗಿ ನಡೆಯುವುದು ಡಿಸ್ಕ್ ಸದಾ ಜೋಡಿಸಿದ್ದರೆ. ಅದಕ್ಕೇ ಇಲ್ಲಿ ಅದನ್ನು ಬಿಟ್ಟೆ.

ಎರಡು ಡಿಸ್ಕುಗಳ ಮೇಲೆ "ಮನೆ" ಮತ್ತು "ಕುಮಟಾ" ಎಂದು ಬರೆದೆವು. ಒಂದು ಆಯಿಯ ಕಪಾಟಿನಲ್ಲಿ, ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಇನ್ನೊಂದು ಮಗಳ ಮನೆಯಲ್ಲಿ. ಮಗಳು ಚೌತಿಗೆ ಮತ್ತು ದೀಪಾವಳಿಗೆ ಹೇಗೂ ಬರುತ್ತಾಳೆ. ಬಂದಾಗ ಅದಲುಬದಲು. ಯುಗಾದಿಯನ್ನೂ ಸೇರಿಸಿದೆವು, ಸಿಡಿಲಿನ ಕಾಲ ಶುರುವಾಗುವ ಮೊದಲು ಒಂದು ಹೊಸ ಪ್ರತಿ ಹೊರಗೆ ಹೋಗಲಿ ಎಂದು. ಮೊಬೈಲಿನ ಜ್ಞಾಪನೆಗಿಂತ ಹಬ್ಬ ಗಟ್ಟಿ. ಯಾರೂ ಮರೆಯುವುದಿಲ್ಲ.

ನಕಲು ಮಾಡುವುದಕ್ಕೆ ಲ್ಯಾಪ್‌ಟಾಪಿನ ಮುಖ್ಯ ಪರದೆಯ ಮೇಲೆ ಒಂದು ಐಕಾನ್ ಇಟ್ಟೆ, ಅದಕ್ಕೆ "ಬ್ಯಾಕಪ್ ಮಾಡು" ಎಂದು ಕನ್ನಡದಲ್ಲೇ ಹೆಸರು. ಒಳಗಿರುವುದು ವಿಂಡೋಸಿನದೇ ರೋಬೋಕಾಪಿ ಎಂಬ ನಕಲು ಸಾಧನ. ಅದರಲ್ಲಿ ಮಿರರ್ ಎಂಬ ಆಯ್ಕೆ ಇದೆ, ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸುತ್ತದೆ. ಅದನ್ನು ಬೇಕೆಂದೇ ಬಳಸಲಿಲ್ಲ. ಹೊಸದು, ಬದಲಾದದ್ದು ಮಾತ್ರ ಸೇರುತ್ತ ಹೋಗಲಿ. ಜಾಗ ಸ್ವಲ್ಪ ಜಾಸ್ತಿ ಹೋಗುತ್ತದೆ, ಹೋಗಲಿ. ಒಂದು ಕಡತ ಲ್ಯಾಪ್‌ಟಾಪಿನಲ್ಲೇ ಕೆಟ್ಟು ಆ ಕೆಟ್ಟ ಪ್ರತಿಯೇ ಡಿಸ್ಕಿಗೆ ಹೋದರೂ, ಹಿಂದಿನ ಹಬ್ಬದ ಒಳ್ಳೆಯ ಪ್ರತಿ ಕುಮಟಾದಲ್ಲಿರುತ್ತದೆ.

ಐಕಾನ್ ಒತ್ತಿ ತೋರಿಸಿದಾಗ ಕಪ್ಪು ಪರದೆಯಲ್ಲಿ ಅಕ್ಷರಗಳು ಓಡಿದವು. ಆಯಿ ನೋಡಿ ಕೇಳಿದರು: "ಮುಗೀತು ಹೇಳಿ ಹ್ಯಾಂಗೆ ಗೊತ್ತಾಗ್ತು?" ಈ ಕೆಲಸದಲ್ಲಿ ನನಗೆ ಎದುರಾದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಪರದೆ ಮುಚ್ಚಿಕೊಂಡರೆ ಮುಗಿದಿದೆಯೋ, ಕೆಟ್ಟು ನಿಂತಿದೆಯೋ ಅವರಿಗೆ ಹೇಗೆ ಗೊತ್ತಾಗಬೇಕು? ಅಲ್ಲೇ ಬದಲಾಯಿಸಿದೆ. ಈಗ ಕೆಲಸ ಮುಗಿದ ಮೇಲೆ ದೊಡ್ಡ ಅಕ್ಷರದ ಒಂದು ಚೀಟಿ ತೆರೆದುಕೊಳ್ಳುತ್ತದೆ: ಇಂದಿನ ತಾರೀಕು, ಹೊಸದಾಗಿ ಸೇರಿದ ಕಡತ ಎಷ್ಟು, ಸೇರದೆ ಉಳಿದದ್ದು ಎಷ್ಟು. ಕೊನೆಯ ಅಂಕಿ ಸೊನ್ನೆ ಇರಬೇಕು. ಇಲ್ಲದಿದ್ದರೆ ಮಗಳಿಗೆ ಫೋನ್. ಸೊನ್ನೆ ಬಂದರೆ ಡಿಸ್ಕಿನ ಡಬ್ಬಿಗೆ ಅಂಟಿಸಿದ ಕಾಗದದಲ್ಲಿ ತಾರೀಕು ಬರೆಯುವುದು.

ಬ್ಯಾಕಪ್ ಡಿಸ್ಕುಗಳಿಗೆ ಪಾಸ್‌ವರ್ಡ್ ಹಾಕಲಿಲ್ಲ. ಇದನ್ನು ಕೆಲವರು ಒಪ್ಪಲಿಕ್ಕಿಲ್ಲ. ಆಧಾರ್, ಪಹಣಿಯ ಪ್ರತಿಗಳು ಅದರಲ್ಲಿವೆ, ಕಳೆದರೆ ಕಷ್ಟ ಎಂಬುದು ನಿಜ. ಆದರೆ ಈ ಮನೆ ಅನುಭವಿಸಿದ್ದು ಪಾಸ್‌ವರ್ಡ್ ಇಲ್ಲದ ಕಷ್ಟವನ್ನಲ್ಲ. ಡಿಸ್ಕ್ ಕಪಾಟಿನಲ್ಲಿರಲಿ, ಕಪಾಟಿಗೆ ಬೀಗ ಇರಲಿ ಎಂದು ಮೂವರೂ ಕೂತು ತೀರ್ಮಾನಿಸಿದರು. ಲ್ಯಾಪ್‌ಟಾಪಿನ ಪಿನ್, 48 ಅಂಕಿ, ಖಾತೆಯ ಪಾಸ್‌ವರ್ಡ್ ಒಂದು ಲಕೋಟೆಯಲ್ಲಿ ಪಾಲುಪಟ್ಟಿಯ ಜೊತೆ ಇವೆ. ಇನ್ನೊಂದು ಪ್ರತಿ ಮಗಳ ಬಳಿ. ಮಗ ತನ್ನ ಗೂಗಲ್ ಖಾತೆಯಲ್ಲಿ ಇನಾಕ್ಟಿವ್ ಅಕೌಂಟ್ ಮ್ಯಾನೇಜರ್ ಹಾಕಿಕೊಂಡ. 2013ರಿಂದಲೇ ಇರುವ ಸೌಲಭ್ಯ ಅದು. ಇಷ್ಟು ತಿಂಗಳು ಖಾತೆ ಬಳಸದಿದ್ದರೆ ಯಾರಿಗೆ ತಿಳಿಸಬೇಕು, ಏನೇನು ಕೊಡಬೇಕು ಎಂದು ನಾವೇ ಮೊದಲೇ ಹೇಳಿಡಬಹುದು.

ತೆರೆದು ನೋಡಿದಾಗ

ಬ್ಯಾಕಪ್ ಮಾಡಿದ ಮೇಲೆ ಬೇರೆ ಯಂತ್ರದಲ್ಲಿ ತೆರೆದು ನೋಡಲೇಬೇಕು. "ಕುಮಟಾ" ಡಿಸ್ಕನ್ನು ಮಗಳ ಲ್ಯಾಪ್‌ಟಾಪಿಗೆ ಹಾಕಿ ಒಂದೊಂದು ಬಗೆಯ ಕಡತ ತೆರೆಸಿದೆ. ಫೋಟೋ ಬಂತು, ಪಹಣಿ ಬಂತು. ವಂಶವೃಕ್ಷ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ. ಮಗಳು ಗಾಬರಿಯಾದಳು. ಕಡತ ಕೆಟ್ಟಿರಲಿಲ್ಲ. ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಬಹಳಷ್ಟು ಕಡತ ಹೀಗೇ. ಒಳಗೆ ಉಳಿದಿರುವುದು ಇಂಗ್ಲಿಷ್ ಸಂಕೇತಗಳು. ಅವನ್ನು ಕನ್ನಡವಾಗಿ ತೋರಿಸುವುದು ಆ ಫಾಂಟ್ ಮಾತ್ರ. ಮಗಳ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ.

ಡೆಸ್ಕ್‌ಟಾಪಿನ ನಕಲಿಗೆ ವಾಪಸ್ ಹೋಗಿ, ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನು ಎತ್ತಿ ಬ್ಯಾಕಪ್ಪಿಗೆ ಸೇರಿಸಿದೆ. ಫಾಂಟ್ ಹಾಕಿದ ತಕ್ಷಣ ಅಜ್ಜ, ಮುತ್ತಜ್ಜ, ಕವಲುಗಳೆಲ್ಲ ಕನ್ನಡದಲ್ಲಿ ಬಂದು ನಿಂತವು. ವಂಶವೃಕ್ಷವನ್ನೂ ಹಳೆಯ ಲೆಕ್ಕದ ಕಡತಗಳನ್ನೂ ಪರಿವರ್ತಕದಿಂದ ಯೂನಿಕೋಡಿಗೆ ತಂದು, ಇನ್ನೊಂದು ಪ್ರತಿ ಪಿಡಿಎಫ್ ಮಾಡಿದೆವು. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪು ಉಳಿಯುತ್ತದೆ, ಕೂತು ತಿದ್ದಬೇಕು. ಮೂಲ ಕಡತವನ್ನು ಅಳಿಸಬಾರದು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ, ಊರಿನ ದೇವಸ್ಥಾನಗಳಲ್ಲಿ, ಸಂಘಗಳಲ್ಲಿ ಇಂಥ ಕಡತಗಳು ಈಗಲೂ ಇವೆ. ಬ್ಯಾಕಪ್ ಮಾಡುವಾಗ ಫಾಂಟನ್ನೂ ಒಯ್ಯಿರಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಇನ್ನೊಂದು ತೊಡಕು ಪೆನ್‌ಡ್ರೈವಿನದು. ಮಗ ಆಟದ ವಿಡಿಯೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಲು ಹೋದ. ಜಾಗ ಇದ್ದರೂ ಕೆಲವು ಹೋಗಲಿಲ್ಲ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿತ್ತು, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಕಡತ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಬದಲಾಯಿಸಿದ ಮೇಲೆ ಹೋಯಿತು.

ಕೆಟ್ಟ ಸೆಕ್ಟರುಗಳಲ್ಲಿ ಹೋದದ್ದು ಏನು ಎಂದು ಮ್ಯಾಪ್ ಕಡತ ಹಿಡಿದು ಹುಡುಕಿದೆ. ಬಹುಪಾಲು ವಿಂಡೋಸಿನದೇ ಕಡತಗಳು, ಯಾರಿಗೂ ಬೇಡದವು. ಉಪನಯನದ ಕೆಲವು ಫೋಟೋಗಳ ಕೆಳಗಿನ ಅರ್ಧ ಬೂದಿ ಬಣ್ಣವಾಗಿದೆ. ಒಂದು ಆಟದ ವಿಡಿಯೋ ನಡುರಾತ್ರಿಯ ಹೊತ್ತಿಗೆ ಸ್ವಲ್ಪ ಕಡಿದು ಮುಂದಕ್ಕೆ ಹಾರುತ್ತದೆ. ಅಡಿಕೆ ಲೆಕ್ಕದಲ್ಲಿ ಒಂದು ಸಾಲೂ ಹೋಗಿಲ್ಲ.

ಡೆಸ್ಕ್‌ಟಾಪನ್ನು ಮತ್ತೆ ಎಬ್ಬಿಸಲಿಲ್ಲ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಆ ಯಂತ್ರಕ್ಕೆ ವಿಂಡೋಸ್ 11 ಹಿಡಿಯುವುದಿಲ್ಲ. ಲೆಕ್ಕವೆಲ್ಲ ಈಗ ಲ್ಯಾಪ್‌ಟಾಪಿನಲ್ಲಿ. ಈ ಸಲದ ಕೊನೆ ಕೊಯ್ಲಿನ ಆಳಿನ ಲೆಕ್ಕವನ್ನು ಆಯಿಯೇ ಅದರಲ್ಲಿ ಬರೆಯುತ್ತಿದ್ದಾರೆ. ಬಾಕಿ ಉಳಿದಿರುವುದು ಅವರ ಮೊಬೈಲಿನ ಫೋಟೋಗಳು. ಅವು ಇನ್ನೂ ಫೋನಿನಲ್ಲಿ ಮಾತ್ರ ಇವೆ. ಮುಂದಿನ ಸಲ ಮಗಳು ಬಂದಾಗ ಕೇಬಲ್ ಹಾಕಿ ಇಳಿಸಿ, ಅದೇ ಐಕಾನಿಗೆ ಆ ಫೋಲ್ಡರನ್ನೂ ಸೇರಿಸುವುದು ಎಂದು ಮಾತಾಗಿದೆ.